ಎಡಿತ್ ಅಮ್ಮನ ಹನ್ನೆರಡು ವಿಮಾನಗಳು

ಕೊಟ್ಟೂರು

ಇಂಗ್ಲೆಂಡಿಗೆ ಹೋಗಿಬಂದವನು ಊರವರಿಗೆ ಅಲ್ಲಿಯ ಚಳಿ, ರಾಣಿಯ ಅರಮನೆ, ನೆಲದೊಳಗೆ ಓಡುವ ರೈಲು ಇವುಗಳ ಬಗ್ಗೆ ಹೇಳಬೇಕು. ಅರಮನೆಯನ್ನು ನಾನು ಬಸ್ಸಿನ ಕಿಟಕಿಯಿಂದ ಅರ್ಧ ನೋಡಿದೆ. ಉಳಿದರ್ಧಕ್ಕೆ ಒಂದು ಲಾರಿ ಅಡ್ಡ ಬಂತು. ಹಾಗಾಗಿ ಬೇರೆಯದನ್ನು ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಕೊಟ್ಟೂರಿನಲ್ಲಿ ಶಿಕ್ಷಕರಾಗಲು ಬಂದವರಿಗೆ ನಾನು ಮನಶ್ಶಾಸ್ತ್ರ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನುವುದು ಹೆಚ್ಚಾಯಿತು, ನೋಟ್ಸ್ ಬರೆಸುತ್ತಿದ್ದೆ. ಸೇವಾ ಸಂಸ್ಥೆಯೊಂದು ನಮ್ಮ ಕಡೆಯ ಮೇಷ್ಟ್ರುಗಳನ್ನು ಆರಿಸಿ ಮೂರು ವಾರ ಅಲ್ಲಿಯವರ ಮನೆಗಳಲ್ಲಿ ಇರಿಸುತ್ತಿತ್ತು. ಅರ್ಜಿ ಹಾಕಿದೆ, ಸಿಕ್ಕಿತು. ಎಲ್ಲರೂ ಅದೃಷ್ಟವಂತ ಎಂದರು. ನನಗೆ ಬೇಕಾಗಿದ್ದುದು ಇಂಗ್ಲೆಂಡ್ ಅಲ್ಲ. ಗುಡೇಕೋಟೆಯಿಂದ ದೂರ ಇರುವ ಯಾವುದಾದರೂ ಊರು.

ಕಾರಣವನ್ನು ಈಗಲೇ ಹೇಳಿಬಿಡುತ್ತೇನೆ. ಹಿಂದಿನ ಬೇಸಿಗೆಯಲ್ಲಿ ನನ್ನ ಹೆಂಡತಿಯ ತಮ್ಮ ಬಸವರಾಜ ಗುಡೇಕೋಟೆಯ ತನ್ನ ಹೊಲದಲ್ಲಿ ಬಾವಿ ತೋಡಿಸುತ್ತಿದ್ದ. ಇಪ್ಪತ್ತು ಅಡಿಗೆ ಬಂಡೆ ಸಿಕ್ಕಿತು. ಬಂಡೆ ಸಿಕ್ಕರೆ ನಮ್ಮಲ್ಲಿ ದುರುಗಪ್ಪನನ್ನು ಕರೆಯುತ್ತಾರೆ. ಅವನು ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಬತ್ತಿಗಳನ್ನು ಒಂದಕ್ಕಿಂತ ಒಂದು ಉದ್ದ ಬಿಟ್ಟು, ಬೆಂಕಿ ಕೊಟ್ಟು ಮೇಲೆ ಬರುತ್ತಾನೆ. ಬತ್ತಿಗಳು ಒಂದೇ ಅಳತೆಯವಲ್ಲ, ಏಕೆಂದರೆ ಸದ್ದುಗಳು ಬಿಡಿಬಿಡಿಯಾಗಿ ಕೇಳಬೇಕು, ಎಣಿಸಲು ಬರಬೇಕು. ಎಣಿಸುವವನು ಎಡಗೈಯಲ್ಲಿ ತೂತಿಗೊಂದರಂತೆ ಹರಳು ಹಿಡಿದು ನಿಲ್ಲುತ್ತಾನೆ. ಒಂದು ಸದ್ದಿಗೆ ಒಂದು ಹರಳು ಬಲಗೈಗೆ. ಎಡಗೈಯಲ್ಲಿ ಒಂದೇ ಒಂದು ಉಳಿದರೂ ಮರುದಿನದವರೆಗೆ ಯಾರೂ ಬಾವಿಗೆ ಇಳಿಯುವುದಿಲ್ಲ.

ಎಣಿಸುವುದು ದುರುಗಪ್ಪನ ಅಣ್ಣನ ಕೆಲಸ. ಅಂದು ನಾನು ಅಲ್ಲಿದ್ದೆ. ಮನೆಗೆ ಬಂದ ಅಳಿಯನಿಗೆ ಒಂದು ಮರ್ಯಾದೆ ಸಲ್ಲಬೇಕಲ್ಲ, ಬಸವರಾಜ ಹರಳುಗಳನ್ನು ನನ್ನ ಕೈಗೆ ಕೊಡಿಸಿದ. ಕಾಲೇಜಿನ ಮೇಷ್ಟ್ರೇ ಸಿಕ್ಕಿದ್ದಾರೆ, ಇನ್ನು ತಪ್ಪುವುದುಂಟೆ ಎಂದು ಎಲ್ಲರೂ ನಕ್ಕರು. ಆರು ತೂತು, ಆರು ಹರಳು. ಬಾವಿಯೊಳಗಿನ ಸದ್ದು ಮೆತ್ತಗೆ ಬರುತ್ತದೆ, ದಿಂಬಿನ ಕೆಳಗೆ ಗುದ್ದಿದ ಹಾಗೆ. ಐದನೆಯದು ಮಾತ್ರ ಮೇಲಿನ ಅಂಚಿಗಿತ್ತು. ಬಯಲಿಗೆ ಸಿಡಿದು ಜೋರಾಗಿ ಕೇಳಿತು. ಅದರ ಹಿಂದೆಯೇ ಇನ್ನೊಂದು ಬಂತು. ನನ್ನ ಎಡಗೈ ಖಾಲಿಯಾಯಿತು.

"ಆರೂ ಆದ್ವೇನ್ರಿ ಮೇಷ್ಟ್ರ?" ಎಂದು ದುರುಗಪ್ಪ ಕೇಳಿದ.

"ಆದ್ವು," ಎಂದೆ.

ಅವನು ಅಂಚಿನಲ್ಲಿ ಒಂದು ಗಳಿಗೆ ನಿಂತು, ಹಗ್ಗ ಹಿಡಿದು ಇಳಿದ. ಅರ್ಧ ಇಳಿದಿದ್ದಾಗ ಆರನೆಯ ಮದ್ದು ಹಾರಿತು.

ಅರ್ಧದಲ್ಲಿದ್ದುದರಿಂದ ಬದುಕಿದ. ಎಡಗೈಯ ಮೂರು ಬೆರಳು ಹೋದವು. ಬಲಗಿವಿ ಪೂರ್ತಿ ಹೋಯಿತು, ಎಡಗಿವಿಯಲ್ಲಿ ಸ್ವಲ್ಪ ಉಳಿಯಿತು. ಹದಿನೈದು ದಿನಗಳ ನಂತರ ನಾನೊಬ್ಬನೇ ಆ ಹೊಲಕ್ಕೆ ಹೋಗಿ, ನಿಂತಿದ್ದಲ್ಲೇ ನಿಂತು, ಜೋರಾಗಿ ಚಪ್ಪಾಳೆ ಹೊಡೆದೆ. ಎದುರಿನ ಗುಡ್ಡ ಚಪ್ಪಾಳೆಯನ್ನು ತಿರುಗಿ ಕೊಟ್ಟಿತು. ನಾನು ಗುಡ್ಡವನ್ನು ಎಣಿಸಿದ್ದೆ.

ಯಾರೂ ನನ್ನನ್ನು ಕೇಳಲಿಲ್ಲ. ಮದ್ದು ಕೆಟ್ಟಿತ್ತು ಎಂದ ಬಸವರಾಜ, ಹಣೆಬರಹ ಎಂದಿತು ಊರು. ನಾನು ಬಾಯಿ ಬಿಡಲಿಲ್ಲ. ಅಂದಿನಿಂದ ಬಾಗಿಲು ಬಡಿದರೂ ನನ್ನ ಕೈ ತಾನೇ ಮುಷ್ಟಿಯಾಗುತ್ತಿತ್ತು. ಹೆಂಡತಿ ಗಂಗಮ್ಮ ನೋಡಿ, ಪರದೇಶದ ಹವಾ ತಗೊಂಡು ಬರ್ರಿ ಎಂದು ಎರಡು ಕೇಜಿ ಶೇಂಗಾ ಚಟ್ನಿಪುಡಿ ಕಟ್ಟಿ ಕಳಿಸಿದಳು.

ಲಂಡನ್

ವಿಮಾನ ನಿಲ್ದಾಣದ ಅಧಿಕಾರಿ ಚಟ್ನಿಪುಡಿಯ ಪೊಟ್ಟಣ ಬಿಚ್ಚಿ ಮೂಸಿ, ನಾಲ್ಕು ಸಲ ಸೀನಿ, ಪ್ರತಿ ಸೀನಿಗೂ ನನ್ನ ಕ್ಷಮೆ ಕೇಳಿದ. ಈ ಜನರ ಕ್ಷಮೆಗೆ ಕೊನೆಯಿಲ್ಲ. ರೈಲಿನಲ್ಲಿ ನಾನೇ ಒಬ್ಬನ ಕಾಲು ತುಳಿದರೆ ಅವನೇ ಕ್ಷಮಿಸಿ ಎಂದ. ಕೂಡ್ಲಿಗಿಯ ಬಸ್ಸಿನಲ್ಲಿ ಕಾಲು ತುಳಿದರೆ ನಮ್ಮ ಎರಡು ತಲೆಮಾರಿನವರ ವಿಚಾರ ಕೇಳಬೇಕಾಗುತ್ತದೆ. ಸಾಲಿನಲ್ಲಿ ನಿಲ್ಲುವ ಶಿಸ್ತೂ ಹಾಗೇ. ಖಾಲಿ ಬಸ್ಸು ಬಂದಾಗ ಟವೆಲ್ ಹಾಕಿ ಸೀಟು ಹಿಡಿಯಲು ನನ್ನ ಕೈ ಹೆಗಲಿಗೆ ಹೋಯಿತು. ಹೆಗಲ ಮೇಲೆ ಟವೆಲ್ ಇರಲಿಲ್ಲ, ಬಸ್ಸಿಗೆ ತೆರೆದ ಕಿಟಕಿಯೂ ಇರಲಿಲ್ಲ.

ನನಗೆ ಮನೆ ಕೊಟ್ಟವರು ಡಾಕ್ಟರ್ ಎಡಿತ್. ಎಪ್ಪತ್ತನ್ನು ದಾಟಿದ ಹೆಂಗಸು, ಒಣಜೋಳದ ದಂಟಿನಂತೆ ಸಪೂರ. ಮನಸ್ಸಿನ ಕಾಯಿಲೆಯವರ ಮಾತನ್ನು ನಲವತ್ತು ವರ್ಷ ಕೇಳಿದ ಮನೋವಿಶ್ಲೇಷಕಿ. ಮನಶ್ಶಾಸ್ತ್ರದ ಮೇಷ್ಟ್ರು ಬರುತ್ತಾರೆಂದು ತಿಳಿದು ತಾವೇ ನನ್ನನ್ನು ಕೇಳಿ ಪಡೆದಿದ್ದರಂತೆ. ಹೆಸರು ಹಿಡಿದೇ ಕರೆಯಬೇಕು ಎಂದರು. ತಾಯಿಯ ವಯಸ್ಸಿನವರನ್ನು ಹೇಗೆ ಕರೆಯುವುದು? ಎರಡು ದಿನ ಗಂಟಲು ಸರಿಪಡಿಸಿಕೊಂಡು ಮಾತು ಶುರುಮಾಡಿದೆ. ಗಂಟಲು ನೋವೇ ಎಂದು ಔಷಧ ತಂದರು. ಕೊನೆಗೆ ಎಡಿತ್ ಅಮ್ಮ ಎಂದೆ, ಅರ್ಥ ಹೇಳಿದೆ. ಮಕ್ಕಳಿಲ್ಲದ ಅವರು ಅದನ್ನು ಒಂದೆರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, ಇರಲಿ ಎಂದರು.

ಅವರ ಕೋಣೆಯಲ್ಲಿ ಕಿಟಕಿಯ ಪಕ್ಕ ಕಂಬಳಿ ಹೊದಿಸಿದ ಒಂದು ಉದ್ದನೆಯ ಆಸನವಿತ್ತು. ಮೊದಲ ಸಂಜೆ ನಾನು ಬೂಟು ಕಳಚಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಚಹಾ ಕುಡಿದೆ. ಅಮ್ಮ ನಗು ತಡೆಯುತ್ತಿದ್ದರು. ಆಮೇಲೆ ಗೊತ್ತಾಯಿತು, ರೋಗಿಗಳು ಮಲಗಿ ಮಾತಾಡುತ್ತಿದ್ದ ಆಸನ ಅದೇ. ಹದಿನೈದು ವರ್ಷ ಅದರ ಬಗ್ಗೆ ನೋಟ್ಸ್ ಬರೆಸಿದವನಿಗೆ ಕಂಡಾಗ ಗುರುತು ಸಿಗಲಿಲ್ಲ. ನಲವತ್ತು ವರ್ಷದಲ್ಲಿ ಯಾರೂ ಅದರ ಮೇಲೆ ಇಷ್ಟು ನಿರಾಳವಾಗಿ ಕೂತಿರಲಿಲ್ಲ ಎಂದರು ಅಮ್ಮ.

ಅಡುಗೆಮನೆ

ಮೂರನೆಯ ದಿನ ಅವರಿಗೆ ನಮ್ಮ ಊರಿನ ಒಗ್ಗರಣೆ ಮಂಡಕ್ಕಿ ತಿನ್ನಿಸಬೇಕೆನ್ನಿಸಿತು. ಮಂಡಕ್ಕಿ ಗುಜರಾತಿಯವನ ಅಂಗಡಿಯಲ್ಲಿ ಸಿಕ್ಕಿತು. ಎಣ್ಣೆ ಕಾಯಿಸಿ, ಸಾಸಿವೆ ಹಾಕಿ, ಒಣಮೆಣಸಿನಕಾಯಿ ಬಿಟ್ಟೆ. ಮನೆ ಕೂಗಿಕೊಂಡಿತು. ಹೊಗೆ ಕಂಡರೆ ಅರಚುವ ಯಂತ್ರವನ್ನು ಅವರು ಚಾವಣಿಗೆ ಹಾಕಿಸಿದ್ದರೆಂದು ನನಗೆ ಹೇಗೆ ತಿಳಿಯಬೇಕು? ಆಮೇಲೆ ಏನಾಯಿತೆಂದು ನನಗೆ ನೆನಪಿಲ್ಲ. ನೆನಪು ಬಂದಾಗ ಹಿತ್ತಲಿನ ಸೇಬಿನ ಗಿಡದ ಕೆಳಗೆ ನಿಂತಿದ್ದೆ, ಬರಿಗಾಲಲ್ಲಿ, ಎರಡೂ ಕೈ ಮುಷ್ಟಿ.

ಎಡಿತ್ ಅಮ್ಮ ಅವಸರವಿಲ್ಲದೆ ಬಂದು, ಪೊರಕೆಯ ಹಿಡಿಯಿಂದ ಯಂತ್ರವನ್ನು ಕುಟ್ಟಿ ಬಾಯಿ ಮುಚ್ಚಿಸಿ, ಒಲೆ ಆರಿಸಿ, ಕಣ್ಣೀರು ಸುರಿಸುತ್ತ ಕೆಮ್ಮುತ್ತ ಹಿತ್ತಲಿಗೆ ಬಂದರು. ಪಕ್ಕದ ಮನೆಯವರು ಬೇಲಿಯ ಮೇಲಿಂದ ಇಣುಕಿ, ಎಲ್ಲ ಸರಿಯೇ ಎಂದು ಕೇಳಿ, ಕ್ಷಮೆಯನ್ನೂ ಕೇಳಿದರು. ಅವರು ಒಳಗೆ ಹೋದ ಮೇಲೆ ಅಮ್ಮ ಹುಲ್ಲಿನ ಮೇಲೆ ಕೂತರು.

"ನಿಮ್ಮ ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದಿರಿ," ಎಂದರು. "ಎಷ್ಟಕ್ಕೆ ನಿಲ್ಲಿಸುತ್ತೀರಿ?"

"ಆರಕ್ಕೆ," ಎಂದೆ.

ಅವರು ಯಾಕೆ ಎಂದು ಕೇಳಲಿಲ್ಲ. ತಾವು ಹನ್ನೆರಡಕ್ಕೆ ನಿಲ್ಲಿಸುವುದಾಗಿ ಹೇಳಿದರು. ಸೀದು ಹೋದ ಮಂಡಕ್ಕಿಯನ್ನು ಇಬ್ಬರೂ ಆರಿಸಿ ತಿಂದೆವು. ಒಂದು ಮೆಣಸಿನಕಾಯಿ ಕಚ್ಚಿದ ಮೇಲೆ ಅವರು ಅರ್ಧ ಗಂಟೆ ಮಾತಾಡಲಿಲ್ಲ. ಮಾತು ಬಂದ ಮೇಲೆ, ಬರುವ ಶನಿವಾರ ಒಂದು ಬಯಲು ತೋರಿಸುತ್ತೇನೆ ಎಂದರು.

ರೈಲಿನಲ್ಲಿ

ಲಿಂಕನ್‌ಷೈರಿಗೆ ಹೋಗುವ ರೈಲಿನಲ್ಲಿ ನಾನು ಕಿಟಕಿಗೆ, ಅವರು ಎದುರಿಗೆ. ಗುಡ್ಡವಿಲ್ಲದ ನಾಡು. ಎಷ್ಟು ದೂರ ನೋಡಿದರೂ ಹಸಿರು, ಒಂದು ಬಂಡೆ ಕಾಣದು. ಇಂಥಲ್ಲಿ ಬಾವಿ ತೋಡುವುದು ಎಷ್ಟು ಸುಲಭ ಎಂದು ಯೋಚಿಸುತ್ತ ಕೂತಿದ್ದೆ.

ಅಮ್ಮ ತಮ್ಮ ಗುರುವಿನ ಬಗ್ಗೆ ಹೇಳಿದರು. ಆತ ಮೊದಲ ಮಹಾಯುದ್ಧದಲ್ಲಿ ಕಂದಕಗಳೊಳಗೆ ವೈದ್ಯ. ಮಣ್ಣು ಒಳಗೇ ಉಳಿದು ಮೇಲೆ ಮುಚ್ಚಿಕೊಂಡ ಗಾಯಗಳು ಕೊಳೆತು ಹುಡುಗರನ್ನು ಕೊಂದದ್ದನ್ನು ಕಂಡವರು. ಮುಂದೆ ಮನಸ್ಸಿನ ವೈದ್ಯರಾದಾಗ ಅವರು ಕಲಿಸಿದ್ದು ಒಂದೇ: ಭಯವನ್ನು ಒಳಗೆ ಬಿಟ್ಟು ಮುಚ್ಚಬೇಡಿ, ಮತ್ತೆ ಮತ್ತೆ ಹೇಳಿಸಿ, ತೊಳೆದು ತೆಗೆಯಿರಿ. ಅಮ್ಮನ ಗೆಳತಿಯೊಬ್ಬಳು ಎರಡನೆಯ ಯುದ್ಧದಲ್ಲಿ ನೆಲಮನೆಗಳಲ್ಲಿ ಅಡಗಿದ ಮಕ್ಕಳನ್ನು ನೋಡಿಕೊಂಡವಳು. ಬಾಂಬು ಬಿದ್ದಾಗ ಮಕ್ಕಳು ಮೇಲೆ ನೋಡುತ್ತಿರಲಿಲ್ಲವಂತೆ, ತಾಯಿಯ ಮುಖ ನೋಡುತ್ತಿದ್ದರಂತೆ. ಅವಳ ಪುಸ್ತಕಗಳೆಲ್ಲ ತಾಯಿಯ ಮುಖದ ಬಗ್ಗೆಯೇ. ಗುರುವಿಗೂ ಅವಳಿಗೂ ಸಭೆಗಳಲ್ಲಿ ದೊಡ್ಡ ಜಗಳ. ಒಬ್ಬರದು ಶಾಸ್ತ್ರವೇ ಅಲ್ಲ ಎಂದು ಇನ್ನೊಬ್ಬರು.

"ಆಗ ನಾವೆಲ್ಲ ಪಕ್ಷ ಕಟ್ಟಿದೆವು," ಎಂದರು ಅಮ್ಮ. "ಈಗ ಅನ್ನಿಸುತ್ತದೆ, ಯುದ್ಧ ಯಾರನ್ನು ಎಲ್ಲಿ ನಿಲ್ಲಿಸಿತೋ ಅಲ್ಲಿಂದ ಕಂಡದ್ದನ್ನು ಅವರು ಹೇಳಿದರು, ಅಷ್ಟೆ."

ನನಗೆ ನಾಚಿಕೆಯಾಯಿತು. ಇಂಥ ಎಷ್ಟೋ ಸಿದ್ಧಾಂತಗಳನ್ನು ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಬರೆಸಿದ್ದೇನೆ. ಹೂವಿನಹಡಗಲಿಯಿಂದ, ಹಗರಿಬೊಮ್ಮನಹಳ್ಳಿಯಿಂದ ಬಂದ ಮಕ್ಕಳು ಬಾಯಿಪಾಠ ಮಾಡಿ ಪಾಸಾಗಿದ್ದಾರೆ. ಆ ಸಾಲುಗಳಿಗೆ ಕಂದಕದ ಕೆಸರು ಹತ್ತಿರಬಹುದು ಎಂದು ನಾನು ಒಮ್ಮೆಯೂ ಹೇಳಿದವನಲ್ಲ. ನನಗೇ ತೋಚಿರಲಿಲ್ಲ.

ವಿಮಾನಗಳ ಬಯಲು

ನಿಲ್ದಾಣದಿಂದ ಬಾಡಿಗೆ ಕಾರು ಹಿಡಿದು ಹೋದೆವು. ಈಗ ಅದು ಗಜ್ಜರಿಯ ಹೊಲ. ನಡುವೆ ಬಿರುಕು ಬಿಟ್ಟ ಕಾಂಕ್ರೀಟಿನ ದಾರಿ. ಅದರ ಕೊನೆಗೆ ಕೋಳಿ ಸಾಕುವ ಉದ್ದನೆಯ ಕೊಟ್ಟಿಗೆಗಳು. ಯುದ್ಧಕಾಲದಲ್ಲಿ ಆ ದಾರಿಯಿಂದಲೇ ಬಾಂಬು ಹಾಕುವ ವಿಮಾನಗಳು ಏಳುತ್ತಿದ್ದವು. ಹೊಲದವನು ಬಂದು ಯಾರೆಂದು ವಿಚಾರಿಸಿದ. ಅಮ್ಮ ಹಿಂದೆ ಇಲ್ಲಿ ಕೆಲಸಕ್ಕಿದ್ದೆ ಎಂದರು. ಅವನು ಟೋಪಿ ತೆಗೆದ, ಒಂದು ಚೀಲ ಗಜ್ಜರಿ ತಂದುಕೊಟ್ಟು ಹೋದ. ನಮ್ಮ ಕಡೆಯವನೂ ಅದನ್ನೇ ಮಾಡುತ್ತಿದ್ದ. ಜೊತೆಗೆ ಕೂತು ಪೂರ್ತಿ ಕಥೆ ಕೇಳುತ್ತಿದ್ದ.

ಹತ್ತೊಂಬತ್ತರ ಎಡಿತ್ ಇಲ್ಲಿ ಸಮವಸ್ತ್ರ ಹಾಕಿ ಸಂದೇಶ ಬರೆದುಕೊಳ್ಳುವ ಕೆಲಸದಲ್ಲಿದ್ದಳು. ಹೋಗುವ ವಿಮಾನಗಳನ್ನು ಎಣಿಸುವುದು, ಬೆಳಗಿನ ಜಾವ ಬೇಲಿಯ ಹತ್ತಿರ ನಿಂತು ತಿರುಗಿ ಬಂದವನ್ನು ಎಣಿಸುವುದು ಯಾರೂ ಹೇಳದ, ಎಲ್ಲರೂ ಮಾಡುತ್ತಿದ್ದ ಕೆಲಸ. ಅವಳ ಕೋಣೆಯ ಗೆಳತಿಗೆ ಒಬ್ಬ ಪೈಲಟ್ ಜೊತೆ ಮದುವೆ ನಿಶ್ಚಯವಾಗಿತ್ತು. ಒಂದು ಮುಂಜಾನೆ ಮಂಜು. ಹನ್ನೆರಡು ಹೋಗಿದ್ದವು. ಎಡಿತ್ ಸದ್ದು ಕೇಳಿ ಎಣಿಸಿದಳು, ಹನ್ನೆರಡು ಇಳಿದವು. ಓಡಿಹೋಗಿ ಗೆಳತಿಗೆ, ಎಲ್ಲರೂ ಬಂದರು, ಮಲಗು ಎಂದಳು. ಗೆಳತಿ ಬೂಟೂ ಬಿಚ್ಚದೆ ನಿದ್ದೆ ಹೋದಳು. ಮಂಜು ಕರಗಿದಾಗ ಗೊತ್ತಾಯಿತು. ಹನ್ನೆರಡರಲ್ಲಿ ಒಂದು, ದಾರಿ ತಪ್ಪಿ ಇಲ್ಲಿ ಇಳಿದ ಬೇರೆ ನೆಲೆಯ ವಿಮಾನ. ಗೆಳತಿಯ ಪೈಲಟ್ ಬಂದಿರಲಿಲ್ಲ.

"ಅವಳು ನನ್ನ ಜೊತೆ ಮತ್ತೆ ಮಾತಾಡಲಿಲ್ಲ," ಎಂದರು. "ನಾನು ಸರಿಯಾಗಿ ಎಣಿಸಿದ್ದರೆ ಅವನು ಬರುತ್ತಿದ್ದ ಎಂದು ಹತ್ತು ವರ್ಷ ನಂಬಿದ್ದೆ."

ಆ ನಂಬಿಕೆಯನ್ನು ಬಿಡಿಸಿ ನೋಡುವುದರಲ್ಲೇ ಅವರ ಶಾಸ್ತ್ರ ಹುಟ್ಟಿದ್ದು. ತನ್ನಿಂದ ಏನೂ ಆಗುತ್ತಿರಲಿಲ್ಲ ಎಂಬುದನ್ನು ಮನಸ್ಸು ತಾಳಲಾರದು. ಅದಕ್ಕಿಂತ ತಪ್ಪು ನನ್ನದು ಎನ್ನುವುದು ಹಗುರ. ಎಣಿಸುವವಳು ತನ್ನ ಎಣಿಕೆಯೇ ವಿಮಾನಗಳನ್ನು ಆಕಾಶದಲ್ಲಿ ಎತ್ತಿ ಹಿಡಿದಿದೆ ಎಂದುಕೊಳ್ಳುತ್ತಾಳೆ. ಅದನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಬೇಕು. ಇಷ್ಟನ್ನು ನಲವತ್ತು ವರ್ಷ, ನೂರಾರು ಜನರಿಗೆ, ಆ ಕಂಬಳಿಯ ಆಸನದ ಹಿಂದೆ ಕೂತು ಮಾಡಿದ್ದರು.

ಕೇಳುತ್ತ ಕೇಳುತ್ತ ನನ್ನ ಎದೆ ಹಗುರಾಗತೊಡಗಿತು. ಹಾಗಾದರೆ ನನ್ನದೂ ಅಷ್ಟೇ! ಇದಕ್ಕಾಗಿಯೇ ಸಮುದ್ರ ದಾಟಿ ಬಂದಿದ್ದೆ. ಗುಡೇಕೋಟೆಯ ಬಾವಿಯ ಕಥೆಯನ್ನು ಮೊದಲ ಸಲ ಒಬ್ಬರಿಗೆ ಪೂರ್ತಿ ಹೇಳಿದೆ. ಹರಳು, ಬತ್ತಿ, ಗುಡ್ಡ, ಚಪ್ಪಾಳೆ, ಎಲ್ಲ. ಹೇಳಿ ಮುಗಿಸಿ, ನೀವು ಹೇಳಿದ್ದೇ ನನಗೂ ಆಗಿದೆ ಅಲ್ಲವೇ ಎಂದು ಅವರ ಮುಖ ನೋಡಿದೆ.

ಎಡಿತ್ ಅಮ್ಮ ಗಜ್ಜರಿಯ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

"ಇಲ್ಲ," ಎಂದರು. "ನನ್ನ ಎಣಿಕೆ ಯಾವ ವಿಮಾನವನ್ನೂ ಕೆಡವಲಿಲ್ಲ. ನಿಮ್ಮ ಎಣಿಕೆ ಒಬ್ಬನನ್ನು ಬಾವಿಗೆ ಇಳಿಸಿತು. ನನ್ನ ಮಾತನ್ನು ನಿಮಗೆ ಕೊಟ್ಟರೆ ನಿಮಗೆ ಹಿತವಾಗುತ್ತದೆ, ಆದರೆ ಅದು ಸುಳ್ಳಾಗುತ್ತದೆ. ಅದು ನನ್ನ ಯುದ್ಧದಲ್ಲಿ ಹೊಲಿದ ಅಂಗಿ. ನಿಮ್ಮ ಅಳತೆಯದಲ್ಲ."

ನನಗೆ ಸಿಟ್ಟು ಬಂತು. ಬೇರೆ ದೇಶದ ಹೊಲದಲ್ಲಿ, ನನ್ನನ್ನು ಮಗನಂತೆ ಇರಿಸಿಕೊಂಡವರ ಮೇಲೆ. ಹಾಗಾದರೆ ನಾನೇನು ಮಾಡಲಿ ಎಂದು ಕೇಳಿದೆ. ಧ್ವನಿ ಸ್ವಲ್ಪ ಏರಿರಬೇಕು.

"ಅವನಿಗೆ ಹೇಳಿದ್ದೀರಾ?"

"ಇಲ್ಲ."

"ಗುರುಗಳಿದ್ದಿದ್ದರೆ ಇದನ್ನು ನನ್ನ ಮುಂದೆಯೇ ಹತ್ತು ಸಲ ಹೇಳಿಸುತ್ತಿದ್ದರು. ನನಗೆ ಹೇಳಿ ಏನು ಬಂತು? ನಾನು ಬಾವಿಗೆ ಇಳಿದವಳಲ್ಲ."

ಮನೆ ಸೇರಿ ಅವರು ಗಜ್ಜರಿ ಬೇಯಿಸಿದರು, ಉಪ್ಪು ಖಾರ ಏನೂ ಇಲ್ಲದೆ. ನಾನು ಚಟ್ನಿಪುಡಿ ತಂದು ಅವರ ತಟ್ಟೆಗೂ ಹಾಕಿದೆ. ಮೊಮ್ಮಗನ ಮದುವೆಯ ಊಟದಂತೆ ಉಂಡರು. ಉಳಿದ ದಿನಗಳಲ್ಲಿ ಆ ಮಾತು ಮತ್ತೆ ಎತ್ತಲಿಲ್ಲ. ಹೊರಡುವ ದಿನ ಅವರು ಕೈ ಕುಲುಕಲು ಬಂದರು, ನಾನು ಕಾಲು ಮುಟ್ಟಲು ಬಾಗಿದೆ. ಅವರ ಮಂಡಿ ನನ್ನ ಹಣೆಗೆ ಬಡಿಯಿತು. ಇಬ್ಬರೂ ಒಟ್ಟಿಗೆ ಕ್ಷಮೆ ಕೇಳಿದೆವು.

ಗುಡೇಕೋಟೆ

ಬಂದ ನಾಲ್ಕನೆಯ ದಿನ ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ ಗುಡೇಕೋಟೆಗೆ ಹೋದೆ. ಬಸವರಾಜನಿಗೆ ಹೇಳಿರಲಿಲ್ಲ. ದುರುಗಪ್ಪ ಮನೆಯ ಮುಂದಿನ ಬೇವಿನ ಕೆಳಗೆ ಆಡುಮರಿಗೆ ಸೊಪ್ಪು ಕಟ್ಟುತ್ತಿದ್ದ, ಉಳಿದ ಎರಡು ಬೆರಳಿನ ಕೈಯಿಂದ. ಕಂಡು ಎದ್ದು ನಿಂತ. ಪಕ್ಕದ ನಲ್ಲಿಯಲ್ಲಿ ನಾಲ್ಕಾರು ಹೆಂಗಸರು ಕೊಡ ತುಂಬಿಸುತ್ತಿದ್ದರು.

ಬಸ್ಸಿನಲ್ಲಿ ಕೂತು ಎಷ್ಟು ಮೆದುವಾಗಿ ಹೇಳಬೇಕೆಂದು ಯೋಚಿಸಿಕೊಂಡು ಬಂದಿದ್ದೆ. ಹಾಗೇ ಮೆದುವಾಗಿ ಹೇಳಿದೆ. ಅವನು ಎಡಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದು, ಏನಂದ್ರಿ ಎಂದ. ಮತ್ತೆ ಹೇಳಿದೆ. ಏನಂದ್ರಿ? ನನಗೆ ಬೇರೆ ದಾರಿ ಇರಲಿಲ್ಲ.

"ಅವತ್ತು ನಾ ತಪ್ಪು ಎಣಿಸಿದ್ದೆ!" ಎಂದು ಕೂಗಿದೆ. "ಮದ್ದು ಐದೇ ಹಾರಿದ್ದು! ಆರನೇದು ಗುಡ್ಡದ ಸದ್ದು!"

ನಲ್ಲಿಯ ಹೆಂಗಸರು ಈ ಕಡೆ ತಿರುಗಿದರು. ಯಾರದೋ ಕೊಡ ತುಂಬಿ ಹೊರಗೆ ಸುರಿಯುತ್ತಿತ್ತು. ದುರುಗಪ್ಪ ನನ್ನ ಮುಖವನ್ನೇ ನೋಡಿದ. ಕಿವಿ ಕೇಳದವರು ಮಾತಾಡುವಂತೆ, ಬೇಕಾದ್ದಕ್ಕಿಂತ ಜೋರಾಗಿ ಹೇಳಿದ.

"ಗೊತ್ತೈತ್ರಿ ಮೇಷ್ಟ್ರ. ನಾನೂ ಎಣಿಸಿದ್ನಿ. ಐದಾ ಬಂದಿದ್ವು."

ಹಾಗಾದರೆ ಯಾಕೆ ಇಳಿದೆ ಎಂದು ಕೈಯಲ್ಲೇ ಕೇಳಿದೆ.

"ನೀವು ಆರು ಅಂದ್ರಿ. ಅಷ್ಟು ಮಂದಿ ಮುಂದ ಓದಿದೋರ ಲೆಕ್ಕ ತಪ್ಪೈತಿ ಅಂತ ಹೆಂಗ ಅನ್ಲಿ? ನಂದಾ ತಪ್ಪಿರಬೇಕು ಅಂತ ಇಳದೆ."

ಹೊಸ್ತಿಲಲ್ಲಿ ಅವನ ಹೆಂಡತಿ ಹುಲಿಗೆಮ್ಮ ನಿಂತಿದ್ದಳು. ಕೈಯಲ್ಲಿ ಹಿಟ್ಟು ಹತ್ತಿತ್ತು. ನನ್ನ ತಪ್ಪು, ಗಂಡನ ಎಣಿಕೆ, ಎರಡೂ ಅವಳಿಗೆ ಹೊಸದು ಎಂದು ಆಗ ನನಗೆ ಹೊಳೆಯಿತು. ಗಂಡನ ಎದುರಿಗೆ ಬಂದು ನಿಂತಳು.

"ಐದು ಅಂತ ಗೊತ್ತಿದ್ದೂ ಇಳದ್ಯಾ? ಮನ್ಯಾಗ ನಾ ಒಬ್ಬಾಕಿ ಅದೀನಿ ಅನ್ನೋದು ನೆಪ್ಪಾಗ್ಲಿಲ್ಲೇನು?"

ಅವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತೋ ಏನೋ, ಆಡುಮರಿಯ ಕಡೆ ನೋಡಿದ. ಅವಳು ನನ್ನ ಕಡೆ ತಿರುಗಿದಳು.

"ಒಂದು ವರ್ಷ ಆ ಮದ್ದು ಮಾರಿದೋನಿಗಿ ಬೈದೀನಿ, ದೇವ್ರಿಗಿ ಬೈದೀನಿ. ಇಬ್ರಿಗೂ ಗೊತ್ತಿತ್ತು, ಇಬ್ರೂ ಬಾಯಿ ಹೊಲಕೊಂಡು ಕುಂತ್ರಿ. ಈಗ ನಾ ಯಾರಿಗಿ ಬೈಲಿ, ಹೇಳ್ರಿ."

"ನನಗ ಬೈಯವ್ವ," ಎಂದೆ.

ಬೈದಳು. ನನ್ನ ಓದಿಗೆ, ನನ್ನ ಕನ್ನಡಕಕ್ಕೆ, ಹರಳು ಕೊಟ್ಟ ಬಸವರಾಜನ ಕೈಗೆ, ಆ ಬಾವಿಯಲ್ಲಿ ಈಗ ಬಂದಿರುವ ನೀರಿಗೆ, ಒಂದನ್ನೂ ಬಿಡದೆ ಬೈದಳು. ಬೈಯುತ್ತಲೇ ಒಳಗಿನಿಂದ ಮಣೆ ತಂದು ಬೇವಿನ ಕೆಳಗೆ ಕುಕ್ಕಿದಳು, ಕೂರಿ ಎಂದು ಹೇಳದೆ. ನಾನು ಕೂತೆ. ದುರುಗಪ್ಪನಿಗೆ ಅರ್ಧವೂ ಕೇಳಿಸುತ್ತಿರಲಿಲ್ಲ. ನನ್ನ ಪಕ್ಕಕ್ಕೆ ಸರಿದು ಎಡಗಿವಿ ಕೊಟ್ಟು, ಏನಂತಾಳ್ರಿ ಎಂದು ಕೇಳುತ್ತಿದ್ದ. ನಾನು ಅವಳ ಒಂದೊಂದು ಬೈಗುಳವನ್ನೂ, ಒಂದಕ್ಷರ ಬಿಡದೆ, ಜೋರಾಗಿ ಅವನಿಗೆ ಒಪ್ಪಿಸುತ್ತ ಹೋದೆ.